ಕೈಮರದ ಅಕ್ಷರ

ದಾರಿ ಎರಡಾಗುವ ಕಡೆ ನೆಟ್ಟ ಕಂಬಕ್ಕೆ ನಮ್ಮ ಹಿರಿಯರು ಕೈಮರ ಎಂದು ಹೆಸರಿಟ್ಟರು. ಮರಕ್ಕೊಂದು ಕೈ ಮೂಡಿ, ಅದು ಊರಿನ ಕಡೆಗೆ ಬೆರಳು ಮಾಡಿ ನಿಂತಂತೆ ಕಾಣುವ ಮಾತು ಅದು. ಚಿಕ್ಕಮಗಳೂರಿನ ಬಳಿ ಒಂದು ಊರಿಗೇ ಆ ಹೆಸರು ನಿಂತಿದೆ. ಆದರೆ ಕೈಮರಕ್ಕೆ ಕೈಯೊಂದಿದ್ದರೆ ಸಾಲದು, ಬಾಯಿಯೂ ಬೇಕು. ಆ ಬಾಯಿ ಎಂದರೆ ಅದರ ಮೇಲೆ ಬರೆದ ಅಕ್ಷರ. ಅಕ್ಷರ ತೊದಲಿದರೆ ಕೈ ಎಷ್ಟು ನೆಟ್ಟಗಿದ್ದರೂ ದಾರಿಹೋಕನಿಗೆ ಪ್ರಯೋಜನವಿಲ್ಲ. ಈ ಅಕ್ಷರದ ಚರಿತ್ರೆಯನ್ನು ನಾನು ಹುಡುಕಿಕೊಂಡು ಹೋದದ್ದಲ್ಲ. ಅದೇ ನನ್ನನ್ನು ಹುಡುಕಿಕೊಂಡು ಬಂತು.

ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದ ಕೆಲವರು ಆಸಕ್ತರು ಸೇರಿ, ಜಿಲ್ಲೆಯ ಹಳೆಯ ಗುಡಿಗಳಿಗೂ ಶಾಸನಗಳಿರುವ ಜಾಗಗಳಿಗೂ ದಾರಿ ತೋರುವ ಸಣ್ಣ ಸಣ್ಣ ಫಲಕಗಳನ್ನು ಸ್ವಂತ ಖರ್ಚಿನಲ್ಲಿ ಹಾಕಿಸಬೇಕೆಂದು ಹೊರಟರು. ಹೆಸರುಗಳನ್ನು ತಪ್ಪಿಲ್ಲದೆ ಬರೆದುಕೊಡುವ ಹೊಣೆ ನನ್ನ ಮೇಲೆ ಬಿತ್ತು. ಮೊದಲ ಕಂತಿನಲ್ಲಿ ಇದ್ದದ್ದು ನಾಲ್ಕೇ ಹೆಸರು: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಇದರಲ್ಲಿ ತಪ್ಪುವುದಕ್ಕೆ ಏನಿದೆ ಎಂದುಕೊಂಡು ಮನೆಯ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಫಲಕ ಮಾಡುವ ಅಂಗಡಿಗೆ ಕಳಿಸಿದೆ. ವಾರದ ನಂತರ ಫಲಕಗಳು ಬಂದವು. ಹಿರಿಯೂರು ಹಿರಿಯೂರಾಗಿಯೇ ಇತ್ತು. ಹೊಳಲ್ಕೆರೆ ನಡುವೆ ಸೀಳಿಕೊಂಡು ‘ಹೊಳಲ್‌ಕೆರೆ’ ಎಂದಾಗಿತ್ತು. ಎರಡು ದುರ್ಗಗಳ ಗತಿ ಇನ್ನೂ ಕೆಟ್ಟದ್ದು: ‘ಚಿತ್ರದುಗ೯’, ‘ಹೊಸದುಗ೯’. ಅಂಗಡಿಯಲ್ಲಿ ನನ್ನ ಬರಹ ಸರಿಯಾಗಿ ತೆರೆಯದೆ ಹೋದಾಗ, ಅಲ್ಲಿಯ ಹುಡುಗ ತನ್ನ ಯಂತ್ರದಲ್ಲಿ ಮತ್ತೆ ಟೈಪು ಮಾಡಿದ್ದ. ಅರ್ಕಾವತ್ತು ಸಿಗದಾಗ ಕನ್ನಡದ ಒಂಬತ್ತನ್ನು ಅದರ ಜಾಗದಲ್ಲಿ ಕೂರಿಸಿದ್ದ. ನೋಡುವುದಕ್ಕೆ ಎರಡೂ ಒಂದೇ ಬಗೆಯ ಕೊಕ್ಕೆ ತಾನೆ!

ಅಂತರವನ್ನು ಕನ್ನಡ ಅಂಕಿಯಲ್ಲಿಯೇ ಬರೆಸಬೇಕೆಂಬ ಹಟ ನನ್ನದೇ ಆಗಿತ್ತು. ಹೆಸರಿನ ಬಾಲಕ್ಕೆ ಅಂಟಿದ ಒಂಬತ್ತು ಈಗ ಅಂತರದ ಅಂಕಿಗಳ ಮುಂದೆ ಬಂದು ನಿಂತು, ಎರಡಂಕಿಯ ದೂರ ಒಂಬೈನೂರನ್ನು ದಾಟಿಬಿಟ್ಟಿತು. ಹೈಸ್ಕೂಲಿನ ಹುಡುಗನೊಬ್ಬ ಅದನ್ನು ಗಟ್ಟಿಯಾಗಿ ಓದಿ, ‘ಸಾರ್, ಹೊಸದುರ್ಗ ದಿಲ್ಲಿ ದಾರೀಲಿದೆಯಾ?’ ಎಂದು ಕೇಳಿದ. ನಕ್ಕುಬಿಟ್ಟೆವು. ಆದರೆ ಆ ಫಲಕ ರಸ್ತೆಯಲ್ಲಿ ನಿಂತಿದ್ದರೆ ಹತ್ತು ವರ್ಷ ನಿಲ್ಲುತ್ತಿತ್ತು. ಅದನ್ನು ಓದುವವರಲ್ಲಿ ಕನ್ನಡವೊಂದನ್ನೇ ಬಲ್ಲವರು, ಅಕ್ಷರವನ್ನು ಕೂಡಿಸಿ ಕೂಡಿಸಿ ಓದುವವರು ಬಹಳ ಮಂದಿ. ಪಕ್ಕದಲ್ಲಿರುವ ಇಂಗ್ಲಿಷನ್ನು ನೋಡಿ ತಿದ್ದಿಕೊಳ್ಳುವ ಅನುಕೂಲ ಅವರಿಗಿಲ್ಲ. ತಮ್ಮೂರ ಹೆಸರನ್ನು ಸರಿಯಾಗಿ ಓದುವ ಹಕ್ಕಾದರೂ ಅವರಿಗೆ ಬೇಡವೇ ಎಂಬ ಯೋಚನೆ ಬಂದಮೇಲೆ ನಗು ನಿಂತಿತು.

ಆಮೇಲೆ ಆ ನಾಲ್ಕು ಹೆಸರುಗಳನ್ನು ಎದುರಿಗಿಟ್ಟುಕೊಂಡು ನೋಡುತ್ತ ಕುಳಿತೆ. ಕನ್ನಡದ ಯಾವುದೇ ಅಚ್ಚಿನ ಮೊಳೆಯನ್ನು, ಈಗಿನ ಮಾತಿನಲ್ಲಿ ಫಾಂಟನ್ನು, ಪರೀಕ್ಷೆ ಮಾಡುವುದಕ್ಕೆ ಇವಕ್ಕಿಂತ ಒಳ್ಳೆಯ ನಾಲ್ಕು ಪದಗಳನ್ನು ಯಾರಾದರೂ ಬೇಕೆಂದೇ ಹುಡುಕಿದರೂ ಸಿಗಲಾರವು. ಚಿತ್ರದುರ್ಗದಲ್ಲಿ ರಕಾರ ಎರಡು ಸಲ ಬರುತ್ತದೆ. ಎರಡು ಸಲವೂ ತನ್ನ ಸ್ವಂತ ರೂಪದಲ್ಲಿಲ್ಲ. ಮೊದಲು ತಕಾರದ ಕೆಳಗೆ ಒತ್ತಾಗಿ ಜೋತುಬಿದ್ದಿದೆ. ಆಮೇಲೆ ಗಕಾರದ ಬೆನ್ನಿಗೆ ಅರ್ಕಾವತ್ತಾಗಿ ನಿಂತಿದೆ. ಅದರಲ್ಲಿಯೂ ಈ ಎರಡನೆಯದು ವಿಚಿತ್ರ: ಬಾಯಲ್ಲಿ ಮೊದಲು ಬರುವ ಧ್ವನಿ ಕಣ್ಣಿಗೆ ಕೊನೆಯಲ್ಲಿ ಕಾಣುತ್ತದೆ. ಹೊಸದುರ್ಗ, ಹೊಳಲ್ಕೆರೆಗಳ ‘ಹೊ’ ಎಂಬಲ್ಲಿ ಸ್ವರಚಿಹ್ನೆ ಒಂದೇ ಆದರೂ ಅದರ ಒಂದು ತುಂಡು ಹಕಾರದ ತಲೆಯ ಮೇಲೆ, ಇನ್ನೊಂದು ಬಲಗಡೆ. ಹೊಳಲ್ಕೆರೆಯಲ್ಲಿ ಲಕಾರದ ಕೆಳಗೆ ಕಕಾರದ ಒತ್ತು. ಆ ಕಕಾರಕ್ಕೆ ಸೇರಬೇಕಾದ ಎತ್ವ ಮಾತ್ರ ಮೇಲೆ ಲಕಾರದ ತಲೆಯ ಮೇಲೆ. ಹಿರಿಯೂರಿಗೆ ಒತ್ತಿನ ತಂಟೆಯಿಲ್ಲ. ಆದರೆ ಅಲ್ಲಿಯ ‘ಯೂ’ ಅವಸರದ ಕಣ್ಣಿಗೆ ‘ಮೂ’ ಎಂದು ಕಾಣುವ ಅಪಾಯವಿದೆ. ಹೀಗೆ ಮೇಲೊಂದು ಪದರ, ನಡುವೆ ಒಂದು, ಕೆಳಗೊಂದು: ಮೂರು ಅಂತಸ್ತಿನ ಮನೆ ಕನ್ನಡದ ಅಕ್ಷರ. ಇಂಗ್ಲಿಷಿನ ಅಕ್ಷರಗಳಂತೆ ಸಾಲಾಗಿ ಕೈಹಿಡಿದು ನಿಲ್ಲುವ ಜಾತಿಯಲ್ಲ.

ಒಬ್ಬನು ಬರೆದದ್ದನ್ನು ಇನ್ನೊಂದು ಕಡೆಯವನು ಓದಬೇಕು, ಇಬ್ಬರ ಲಿಪಿಯ ಅಭ್ಯಾಸವೂ ಬೇರೆ ಬೇರೆ ಎನ್ನುವ ತೊಡಕು ನಮ್ಮ ಜಿಲ್ಲೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನವನ್ನು ಕಂಡರು. ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಅದರ ಪ್ರತಿಗಳು ದೊರೆತವು. ಸುವರ್ಣಗಿರಿಯಲ್ಲಿದ್ದ ರಾಜಪುತ್ರನ ಮೂಲಕ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಬಂದ ಆಜ್ಞೆ ಅದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಶಾಸನದ ಕೊನೆಯಲ್ಲಿ ಬರೆದವನು ತನ್ನ ಹೆಸರು ಹೇಳಿಕೊಂಡಿದ್ದಾನೆ: ಚಪಡ. ಆದರೆ ತಾನು ಲಿಪಿಕಾರನೆಂದು ಹೇಳುವ ಆ ಒಂದು ಪದವನ್ನು ಮಾತ್ರ ಆತ ಬ್ರಾಹ್ಮಿಯಲ್ಲಿ ಬರೆಯಲಿಲ್ಲ, ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಸಾಗುವಂಥದ್ದು. ಅಲ್ಲಿಂದ ಸಾವಿರಾರು ಮೈಲಿ ದೂರದ ನಮ್ಮ ಕಲ್ಲುಗುಡ್ಡದ ಮೇಲೆ ಅದನ್ನು ಓದುವವರು ಯಾರಿದ್ದರು? ಬಹುಶಃ ಯಾರೂ ಇಲ್ಲ. ವಿದ್ವಾಂಸರು ಇದನ್ನು ಚಪಡನ ಹುಟ್ಟೂರಿನ ಗುರುತೆಂದು ವಿವರಿಸುತ್ತಾರೆ. ನನಗೆ ಅನ್ನಿಸುವುದು ಇಷ್ಟೇ: ಎರಡು ಬರವಣಿಗೆಗಳನ್ನು ಬಲ್ಲವನಿಗೂ ರಾಜನ ಮಾತನ್ನು ಎಲ್ಲಿ ಯಾವುದರಲ್ಲಿ ಬರೆಯಬೇಕೆಂಬ ಎಚ್ಚರವಿತ್ತು. ಜನಕ್ಕೆ ಹೇಳುವ ಮಾತು ಬ್ರಾಹ್ಮಿಯಲ್ಲಿ. ತನ್ನ ಜಂಬ ಖರೋಷ್ಠಿಯಲ್ಲಿ. ಈಗಿನ ಅಂಗಡಿಗಳಲ್ಲಿ ಇದು ತಿರುಗುಮುರುಗಾಗಿದೆ.

ಚಿತ್ರದುರ್ಗದ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಕಾಲದ ಒಂದು ಸಣ್ಣ ಬಂಡೆಶಾಸನವಿದೆ. ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಅದನ್ನು ಓದಿ ಬೆಳಕಿಗೆ ತಂದರು. ಕೆರೆ ಕಟ್ಟಿಸಿದ ಸಂಗತಿಯ ಜೊತೆಗೆ ಹಲವು ರಾಜ್ಯಗಳ ಹೆಸರುಗಳು ಅದರಲ್ಲಿವೆ ಎಂದು ಅವರ ಓದು. ಮುಂದಿನವರು ಅದೇ ಗೀಟುಗಳನ್ನು ಬೇರೆ ಬಗೆಯಾಗಿ ಓದಿ ಕೆಲವು ಹೆಸರುಗಳನ್ನು ಒಪ್ಪಲಿಲ್ಲ. ಕಲ್ಲು ಸವೆದು ಒಂದು ಕೊಂಬು, ಒಂದು ಒತ್ತು ಮಸುಕಾದರೆ ಒಂದು ರಾಜ್ಯವೇ ನಕ್ಷೆಯಿಂದ ಅಳಿಸಿಹೋಗುತ್ತದೆ. ಅಕ್ಷರದ ಸಣ್ಣ ಅಂಗಗಳನ್ನು ಹಗುರಾಗಿ ಕಾಣುವವರು ಆ ಚರ್ಚೆಯನ್ನು ಒಮ್ಮೆ ಓದಬೇಕು.

ಅಚ್ಚಿನ ಯುಗಕ್ಕೆ ಬರೋಣ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. 1843ರಲ್ಲಿ ಮಂಗಳೂರಿನಿಂದ ಹೊರಟ ‘ಮಂಗಳೂರ ಸಮಾಚಾರ’ ಮೊಳೆಗಳಲ್ಲಿ ಅಲ್ಲ, ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚು ಎಂದರೆ ಕೈಬರಹವೇ. ಅಲ್ಲಿ ಒತ್ತಕ್ಷರ ಎಲ್ಲಿ ಬೇಕೋ ಅಲ್ಲಿ ಇಳಿಯುತ್ತದೆ. ಸೀಸದ ಮೊಳೆ ಬಂದಾಗ ತೊಡಕು ಬಂತು. ಪ್ರತಿಯೊಂದು ಸಂಯುಕ್ತಾಕ್ಷರಕ್ಕೂ ಬೇರೆ ಮೊಳೆ ಎರಕ ಹೊಯ್ದರೆ ಕೇಸಿನಲ್ಲಿ ಸಾವಿರಾರು ಮನೆ ಬೇಕು. ಆದ್ದರಿಂದ ಒತ್ತನ್ನು ಬೇರೆ, ಅರ್ಕಾವತ್ತನ್ನು ಬೇರೆ ಮೊಳೆ ಮಾಡಿದರು. ಮೊಳೆ ಜೋಡಿಸುವವನು ‘ದುರ್ಗ’ ಎನ್ನುವಲ್ಲಿ ಮೊದಲು ಗಕಾರವನ್ನು ಎತ್ತಿಡುತ್ತಿದ್ದ, ಆಮೇಲೆ ಅರ್ಕಾವತ್ತನ್ನು. ಕಿವಿಯ ಕ್ರಮ ಬಿಟ್ಟು ಕಣ್ಣಿನ ಕ್ರಮ ಹಿಡಿದ. ಬೆರಳಚ್ಚಿನ ಯಂತ್ರವೂ ಅದೇ ಕ್ರಮವನ್ನು ಕಲಿಯಿತು. ಆಗ ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ಕಾಗದದ ಮೇಲೆ ಬಿದ್ದ ಅಕ್ಷರವನ್ನು ಯಾವ ಕ್ರಮದಲ್ಲಿ ಇಟ್ಟಿರಿ ಎಂದು ಕೇಳುವವರಿರಲಿಲ್ಲ.

ಇದೇ ಕಾಲದಲ್ಲಿ ರಸ್ತೆಯ ಬರಹ ಕುಂಚದವರ ಕೈಯಲ್ಲಿತ್ತು. ಮೈಲಿಗಲ್ಲಿಗೆ ಸುಣ್ಣ ಬಳಿದು, ಕಪ್ಪು ಬಣ್ಣದಲ್ಲಿ ಊರ ಹೆಸರು ಬರೆಯುತ್ತಿದ್ದವರನ್ನು ನನ್ನ ವಯಸ್ಸಿನವರು ನೋಡಿದ್ದಾರೆ. ಇಂಗ್ಲಿಷ್ ಕಡತಗಳಲ್ಲಿ ನಮ್ಮ ಜಿಲ್ಲೆ ‘ಚಿತಲ್‌ದ್ರುಗ್’ ಎಂದು ಕುಲಗೆಟ್ಟಿದ್ದ ದಿನಗಳಲ್ಲಿಯೂ ಕುಂಚದ ಕನ್ನಡ ಕುಲಗೆಟ್ಟಿರಲಿಲ್ಲ. ಹಿರಿಯೂರಿನಲ್ಲಿ ನಾನು ಕಂಡ ಒಬ್ಬ ಹಳೆಯ ಬೋರ್ಡು ಬರೆಯುವವರು ಕಲ್ಲಿನ ಮೇಲೆ ಮೂರು ಗೆರೆ ಹಾಕಿಕೊಳ್ಳುತ್ತಿದ್ದರು. ನಡುವಿನ ಪಟ್ಟಿ ಅಕ್ಷರದ ಹೊಟ್ಟೆಗೆ, ಮೇಲಿನದು ಗುಡಿಸು ಏತ್ವಗಳಿಗೆ, ಕೆಳಗಿನದು ಒತ್ತಿಗೆ. ‘ಒತ್ತು ಬರದಿದ್ದರೂ ಆ ಜಾಗ ಖಾಲಿ ಬಿಡಬೇಕು ಸ್ವಾಮಿ. ಇಲ್ಲಾಂದ್ರೆ ಹಿರಿಯೂರು ಕೋಣನ ಹಂಗೆ ದಪ್ಪ ಆಗುತ್ತೆ, ಚಿತ್ರದುರ್ಗ ಇಲಿ ಆಗುತ್ತೆ’ ಎಂದು ಅವರು ಹೇಳಿದ್ದು ನೆನಪಿದೆ. ಒಂದೇ ಅಳತೆಯ ಹಲಗೆಯಲ್ಲಿ ಎರಡು ಹೆಸರು ತುಂಬಿಸಿದರೆ ಒತ್ತಿಲ್ಲದ ಹೆಸರು ಉಬ್ಬುತ್ತದೆ, ಒತ್ತಿರುವ ಹೆಸರು ಕುಗ್ಗುತ್ತದೆ. ಈಗಿನ ಎಷ್ಟೋ ಫಲಕಗಳಲ್ಲಿ ಆಗುತ್ತಿರುವುದು ಅದೇ. ಅವರು ದಕಾರದ ಬುಡವನ್ನು ಮುಚ್ಚಿ, ಧಕಾರದ ಸೀಳನ್ನು ಬೇಕೆಂದೇ ಅಗಲವಾಗಿ ಬಿಡುತ್ತಿದ್ದರು. ಥಕಾರದ ಚುಕ್ಕೆಗೆ ಎರಡು ಸಲ ಕುಂಚ ಮುಟ್ಟಿಸುತ್ತಿದ್ದರು. ರಾತ್ರಿ ಬಸ್ಸಿನ ಬೆಳಕಿನಲ್ಲಿ ಓದುವವನ ಕಣ್ಣು ಅವರಿಗೆ ಗೊತ್ತಿತ್ತು.

ಕಂಪ್ಯೂಟರು ಬಂದಾಗ ಕನ್ನಡಕ್ಕೆ ಸಿಕ್ಕಿದ್ದು ಬಾಡಿಗೆ ಮನೆ. ಆಗಿನ ಫಾಂಟಿನಲ್ಲಿ ಒಟ್ಟು 256 ಕೋಣೆಗಳು. ಅದರಲ್ಲಿ ಬಹುಪಾಲು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಹೆಸರಿನಲ್ಲಿದ್ದವು. ಆ ಕೋಣೆಗಳ ಒಳಗೆ ಕನ್ನಡದ ತುಂಡುಗಳನ್ನು ಕೂರಿಸಿ, ಹೊರಗಿನ ನಾಮಫಲಕವನ್ನು ಹಾಗೆಯೇ ಬಿಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಮನೆಮಾತಾಯಿತು. ಕನ್ನಡ ಕಂಪ್ಯೂಟರಿನಲ್ಲಿ ಉಳಿದದ್ದೇ ಇವರಿಂದ. ಆ ಋಣವನ್ನು ಮರೆತು ಮಾತನಾಡುವುದು ಸಲ್ಲದು. ಆದರೆ ಬಾಡಿಗೆ ಮನೆಯ ಕಷ್ಟ ಬಾಡಿಗೆ ಮನೆಯದೇ. ಆ ವ್ಯವಸ್ಥೆಯಲ್ಲಿ ಬರೆದ ‘ಚಿತ್ರದುರ್ಗ’ವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದು ನೋಡಿ. ‘ಚಿ’ ಇರುವಲ್ಲಿ ಇಂಗ್ಲಿಷಿನ ಸಣ್ಣ ‘ಎ’ ಕಾಣುತ್ತದೆ. ತಕಾರದ ಕೆಳಗಿನ ರ-ಒತ್ತು ಇರುವಲ್ಲಿ ‘ಎ’ಯೂ ‘ಇ’ಯೂ ಬೆನ್ನು ಸೇರಿಸಿಕೊಂಡ ಅಕ್ಷರ, ಅರ್ಕಾವತ್ತು ಇರುವಲ್ಲಿ ತಲೆಯ ಮೇಲೆ ಅಡ್ಡಗೀಟು ಹೊತ್ತ ‘ಎಥ್’ ಎಂಬ ಅಕ್ಷರ. ಇವೆರಡೂ ಐಸ್‌ಲೆಂಡಿನವರು ದಿನವೂ ಬರೆಯುವ ಅಕ್ಷರಗಳು! ಮದಕರಿನಾಯಕನ ದುರ್ಗದ ರಕಾರ ಹಿಮದ್ವೀಪದ ಅಕ್ಷರದ ಮನೆಯಲ್ಲಿ ಒಕ್ಕಲಿದ್ದುದು ನನಗೆ ಗೊತ್ತಾದದ್ದು ಆ ಅಂಗಡಿಯ ಫಲಕದ ದೆಸೆಯಿಂದ.

ಕಣ್ಣಿನ ಕ್ರಮವೂ ಮೊಳೆಗಳ ಕಾಲದಿಂದ ಹಾಗೇ ಮುಂದುವರಿದಿತ್ತು: ಮೊದಲು ಗ, ಆಮೇಲೆ ಅರ್ಕಾವತ್ತು. ಕಾಗದದ ಮೇಲೆ ನಿರುಪದ್ರವಿಯಾಗಿದ್ದ ಈ ಅಭ್ಯಾಸ ಯಂತ್ರದ ನೆನಪಿನಲ್ಲಿ ಉಪದ್ರವವಾಯಿತು. ಒಮ್ಮೆ ಒಂದು ಗ್ರಂಥಾಲಯದ ಪಟ್ಟಿಯಲ್ಲಿ ತ. ರಾ. ಸು. ಅವರ ‘ದುರ್ಗಾಸ್ತಮಾನ’ವನ್ನು ಹುಡುಕಿದೆ. ಇಲ್ಲ ಎಂದು ಉತ್ತರ ಬಂತು. ಪುಸ್ತಕ ಮಾತ್ರ ಎದುರಿನ ಕಪಾಟಿನಲ್ಲಿಯೇ ಇತ್ತು. ಪಟ್ಟಿ ಮಾಡಿದವರು ಅರ್ಕಾವತ್ತಿನ ಬದಲು ಒಂಬತ್ತನ್ನು ಬರೆದಿದ್ದರು. ಮನುಷ್ಯನ ಕಣ್ಣಿಗೆ ಒಂದೇ ಆದದ್ದು ಯಂತ್ರಕ್ಕೆ ಬೇರೆಯೇ. ದುರ್ಗದ ಬಗೆಗಿನ ದೊಡ್ಡ ಕಾದಂಬರಿಯೊಂದು ದುರ್ಗದ ಅಕ್ಷರದ ದೆಸೆಯಿಂದಲೇ ಕಳೆದುಹೋಗಿತ್ತು.

1991ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯ ಮೊದಲ ಆವೃತ್ತಿ ಬಂದಾಗ ಕನ್ನಡಕ್ಕೆ ಸ್ವಂತ ಮನೆ ದೊರಕಿತು: 128 ಕೋಣೆಗಳ ಓಣಿ. ಅಲ್ಲಿ ಬರಹ ಕಿವಿಯ ಕ್ರಮಕ್ಕೆ ಮರಳಿತು. ‘ದುರ್ಗ’ ಎಂಬಲ್ಲಿ ಯಂತ್ರ ನೆನಪಿಡುವುದು ರ, ವಿರಾಮಚಿಹ್ನೆ, ಗ ಎಂದು. ತೋರಿಸುವಾಗ ಮಾತ್ರ ಗಕಾರವನ್ನು ಮುಂದೆ ಮಾಡಿ ರಕಾರವನ್ನು ಕೊಕ್ಕೆಯಾಗಿಸಿ ಹಿಂದೆ ನಿಲ್ಲಿಸುತ್ತದೆ. ರಕಾರವನ್ನು ಇಡಿಯಾಗಿ ಉಳಿಸಿ ಕೆಳಗೆ ಗಕಾರದ ಒತ್ತು ಕೊಡಬೇಕೆನ್ನುವವರಿಗೂ ನಡುವೆ ಒಂದು ಕಾಣದ ಚಿಹ್ನೆ ಸೇರಿಸುವ ದಾರಿಯಿದೆ. ಅಂಥದೇ ಇನ್ನೊಂದು ಕಾಣದ ಚಿಹ್ನೆ ಸೇರಿದರೆ ಹೊಳಲ್ಕೆರೆ ‘ಹೊಳಲ್‌ಕೆರೆ’ ಆಗುತ್ತದೆ. ಕಣ್ಣಿಗೆ ಕಾಣದ ಅಕ್ಷರವೂ ಬರಹದಲ್ಲಿರುತ್ತದೆ ಎಂದರೆ ನಮ್ಮ ಶಾಸನಕಾರರು ಏನೆನ್ನುತ್ತಿದ್ದರೋ! ಈ ಓಣಿಯಲ್ಲಿ ಒಂದು ತಮಾಷೆಯೂ ನಡೆದಿದೆ. ಹೊಳಲ್ಕೆರೆಯ ‘ಹೊಳಲು’ ಎಂದರೆ ಪಟ್ಟಣ, ಹಳಗನ್ನಡದ ‘ಪೊೞಲ್’. ಆ ೞಕಾರಕ್ಕೆ ಯೂನಿಕೋಡಿನವರು ಕೋಣೆ ಕೊಟ್ಟರು, ಆದರೆ ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ‘ಫ’ ಎಂದು ತಪ್ಪು ಹೆಸರು ಬರೆದರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅವರ ನಿಯಮ. ಆದ್ದರಿಂದ ತಪ್ಪನ್ನು ಒಪ್ಪಿಕೊಂಡು, ಸರಿಯಾದ ಹೆಸರನ್ನು ಅಡ್ಡಹೆಸರೆಂದು ಪಕ್ಕದಲ್ಲಿ ಬರೆದಿದ್ದಾರೆ. ಫಲಕದ ತಪ್ಪು ಎಷ್ಟು ಗಟ್ಟಿ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಹಾಗಾದರೆ ಯೂನಿಕೋಡಿನಲ್ಲಿ ಬರೆದ ನನ್ನ ನಾಲ್ಕು ಹೆಸರು ಅಂಗಡಿಯಲ್ಲಿ ಏಕೆ ಕೆಟ್ಟಿತು? ಸಂಕೇತವೊಂದೇ ಸಾಲದು. ಆ ಸಂಕೇತಗಳನ್ನು ಓದಿ, ಒತ್ತನ್ನು ಇಳಿಸಿ, ಎತ್ವವನ್ನು ಏರಿಸಿ ಜೋಡಿಸುವ ಒಂದು ಒಳಗೆಲಸ ನಡೆಯಬೇಕು. ಹಳೆಯ ಕಾಲದ ಮೊಳೆ ಜೋಡಿಸುವವನ ಕೆಲಸವೇ ಅದು. ಈಗ ಯಂತ್ರದೊಳಗಿನ ತಂತ್ರಾಂಶ ಮಾಡುತ್ತದೆ. ವಿಂಡೋಸಿಗೆ ತನ್ನದೊಂದು ಜೋಡಣೆ, ಆಪಲ್ಲಿಗೆ ತನ್ನದು. ಹಾರ್ಫ್‌ಬಜ್ ಎಂಬ ಮುಕ್ತ ಜೋಡಣೆ ಲಿನಕ್ಸಿನಲ್ಲಿಯೂ ಆಂಡ್ರಾಯ್ಡ್ ಫೋನಿನಲ್ಲಿಯೂ ಇದೆ. ಚಿತ್ರ ಬರೆಯುವ ಕೆಲವು ಹಳೆಯ ತಂತ್ರಾಂಶಗಳಿಗೆ ಈ ವಿದ್ಯೆಯೇ ಇರಲಿಲ್ಲ. ಅವುಗಳಲ್ಲಿ ಯೂನಿಕೋಡ್ ಕನ್ನಡ ಅಂಟಿಸಿದರೆ ಒತ್ತು ಬಿಚ್ಚಿ, ಕೊಂಬು ಉದುರಿ, ಅಕ್ಷರ ಕೈಕಾಲು ಮುರಿದುಕೊಂಡು ಬೀಳುತ್ತದೆ. ಇನ್ನೊಂದು ಮೋಸವೂ ಇದೆ. ಬರೆದವನು ಆರಿಸಿದ ಫಾಂಟು ಓದುವವನ ಯಂತ್ರದಲ್ಲಿ ಇಲ್ಲದಿದ್ದರೆ ಯಂತ್ರ ಹೇಳದೆ ಕೇಳದೆ ತನ್ನಲ್ಲಿರುವುದನ್ನು ಹಾಕಿಕೊಳ್ಳುತ್ತದೆ: ಹಳೆಯ ವಿಂಡೋಸಿನಲ್ಲಿ ‘ತುಂಗಾ’, ಹೊಸದರಲ್ಲಿ ‘ನಿರ್ಮಲಾ’, ಆಪಲ್ಲಿನಲ್ಲಿ ಮಲೇಷ್ಯಾದ ಮುತ್ತು ನೆಡುಮಾರನ್ ಅವರ ಹೆಸರಿನ ಮೊದಲಕ್ಷರಗಳನ್ನು ಹೊತ್ತ ‘ಕನ್ನಡ ಎಂಎನ್’. ಒಂದೇ ಫಲಕಕ್ಕೆ ಮೂರು ಯಂತ್ರದಲ್ಲಿ ಮೂರು ಮುಖ, ಮೂರು ಅಳತೆ.

ರಸ್ತೆಯ ಅಕ್ಷರಕ್ಕೆ ಹೊರದೇಶಗಳಲ್ಲಿ ಪಟ್ಟ ಪಾಡು ದೊಡ್ಡದು. ಬ್ರಿಟನ್ನಿನಲ್ಲಿ ಹೊಸ ಹೆದ್ದಾರಿಗಳು ಬಂದಾಗ 1957ರಲ್ಲಿ ಒಂದು ಸಮಿತಿ, 1963ರಲ್ಲಿ ವರದಿ ಕೊಟ್ಟ ಇನ್ನೊಂದು ಸಮಿತಿ. ಜಾಕ್ ಕಿನಿಯರ್, ಮಾರ್ಗರೆಟ್ ಕಾಲ್ವರ್ಟ್ ಎಂಬ ಇಬ್ಬರು ‘ಟ್ರಾನ್ಸ್‌ಪೋರ್ಟ್’ ಎಂಬ ಅಕ್ಷರ ರೂಪಿಸಿದರು. ಡೇವಿಡ್ ಕಿಂಡರ್ಸ್ಲೆ ಎಂಬ ಕಲ್ಲುಕೆತ್ತುವ ಅಕ್ಷರಶಿಲ್ಪಿ ಅದನ್ನು ಒಪ್ಪದೆ ತನ್ನದೇ ದೊಡ್ಡಕ್ಷರಗಳನ್ನು ಮುಂದಿಟ್ಟ. ರಸ್ತೆ ಸಂಶೋಧನಾಲಯ ಎರಡನ್ನೂ ಪರೀಕ್ಷಿಸಿದಾಗ ಕಿಂಡರ್ಸ್ಲೆಯ ಅಕ್ಷರ ಕೂದಲೆಳೆಯಷ್ಟು ಮುಂದಿತ್ತು. ಆದರೂ ‘ಟ್ರಾನ್ಸ್‌ಪೋರ್ಟ್’ ಗೆದ್ದಿತು. ಅಮೆರಿಕದಲ್ಲಿ ಹಳೆಯ ಹೆದ್ದಾರಿ ಅಕ್ಷರದ ಬದಲು ‘ಕ್ಲಿಯರ್‌ವ್ಯೂ’ ಎಂಬುದಕ್ಕೆ 2004ರಲ್ಲಿ ಒಪ್ಪಿಗೆ ಕೊಟ್ಟು, 2016ರಲ್ಲಿ ಹಿಂತೆಗೆದು, 2018ರಲ್ಲಿ ಮತ್ತೆ ಕೊಟ್ಟರು. ಪಂಡಿತರು ಇಷ್ಟು ತಿಣುಕಾಡುವುದಕ್ಕೆ ಕಾರಣ ಸಣ್ಣ ಲೆಕ್ಕದಲ್ಲಿದೆ. ಗಂಟೆಗೆ 80 ಕಿಲೋಮೀಟರಿನ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ 22 ಮೀಟರು ಸಾಗುತ್ತದೆ. ಹೆಸರು ಓದುವುದಕ್ಕೆ ಎರಡು ಸೆಕೆಂಡು ಹೆಚ್ಚು ಹಿಡಿದರೆ 44 ಮೀಟರು ಹೋಯಿತು, ತಿರುವೂ ಹೋಯಿತು. ಹಿರಿಯೂರು, ಚಿತ್ರದುರ್ಗಗಳ ಮೇಲೆ ಹಾಯುವ ಬೆಂಗಳೂರು–ಪುಣೆ ಹೆದ್ದಾರಿ, ಹಿಂದಿನ ನಾಲ್ಕನೆಯ ನಂಬರಿನದು, 2010ರಿಂದ 48 ಎಂದಾಯಿತು. ಅಲ್ಲಿ 80 ಎಂಬುದು ನಿಧಾನದ ವೇಗ.

ಅಮೆರಿಕದ ಆ ಹಳೆಯ ಹೆದ್ದಾರಿ ಅಕ್ಷರವನ್ನು ಆಧಾರ ಮಾಡಿಕೊಂಡು ರೆಡ್‌ಹ್ಯಾಟ್ ಸಂಸ್ಥೆ ‘ಓವರ್‌ಪಾಸ್’ ಎಂಬ ಫಾಂಟನ್ನು ಮಾಡಿಸಿ, 2011ರಿಂದ ಎಲ್ಲರಿಗೂ ಬಿಟ್ಟುಕೊಟ್ಟಿದೆ. ನಮ್ಮ ಫಲಕದ ಇಂಗ್ಲಿಷ್ ಸಾಲಿಗೆ ನಾನು ಅದನ್ನೇ ಆರಿಸಿದೆ. ಆದರೆ ಅದರಲ್ಲಿ ಕನ್ನಡವಿಲ್ಲ. ರಸ್ತೆಗೆಂದೇ ಅಳೆದು ತೂಗಿದ ಮುಕ್ತ ಅಕ್ಷರ ಕನ್ನಡದಲ್ಲಿ ನನಗೆ ಸಿಗಲಿಲ್ಲ, ಇರುವವುಗಳಲ್ಲಿ ಆರಿಸಬೇಕಾಯಿತು.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ನಮ್ಮ ಹೊಸದುರ್ಗದ ಹೆಸರಿನವನೇ ಇನ್ನೊಬ್ಬನಿದ್ದಾನೆ. ಕಾಸರಗೋಡು ಸೀಮೆಯಲ್ಲಿ ಕಾಞಂಗಾಡಿನ ಹತ್ತಿರ, ಕೆಳದಿಯ ನಾಯಕರು ಕಟ್ಟಿದ ಕೋಟೆಯ ಸುತ್ತಲ ಊರು. ಹೆಸರು ಅಚ್ಚ ಕನ್ನಡ, ಫಲಕ ಮಲಯಾಳದಲ್ಲಿ. ಕೇರಳದಲ್ಲಿ 1971ರಲ್ಲಿ ಬೆರಳಚ್ಚು ಯಂತ್ರದ ಅನುಕೂಲಕ್ಕೆಂದು ಲಿಪಿಯನ್ನೇ ಬಿಡಿಸಿದರು. ವ್ಯಂಜನಕ್ಕೆ ಅಂಟಿಕೊಂಡಿದ್ದ ಉಕಾರವನ್ನು ಬೇರೆ ಮಾಡಿದರು. ರಕಾರದ ಒತ್ತನ್ನು ಕಿತ್ತು ಪಕ್ಕದಲ್ಲಿಟ್ಟರು. ಅಕ್ಷರದ ತಲೆಯ ಮೇಲೆ ಚುಕ್ಕೆಯಾಗಿ ಕೂರುತ್ತಿದ್ದ ಅವರ ಅರ್ಕಾವತ್ತು ಮರೆಯಾಯಿತು. ಯಂತ್ರಕ್ಕೆ ಅಕ್ಷರ ತಲೆಬಾಗಿತು. ಆಮೇಲೆ ಯಂತ್ರವೇ ಬದಲಾಯಿತು. 1999ರ ಸುಮಾರಿಗೆ ‘ರಚನ’ ಎಂಬ ಗುಂಪಿನವರು ಹಳೆಯ ಲಿಪಿಯ ಎಲ್ಲ ಕೂಡಕ್ಷರಗಳನ್ನೂ ಕಂಪ್ಯೂಟರಿಗೆ ತಂದರು; ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಎಂಬ ಬಳಗದವರು ಅದನ್ನು ಮುಕ್ತ ಫಾಂಟಾಗಿ ಹಂಚಿದರು. ಕನ್ನಡದಲ್ಲಿ ಅಂಥ ಸರಕಾರಿ ಕತ್ತರಿ ಆಡಲಿಲ್ಲ. ಆದರೆ ಅಂಗಡಿಯ ಹುಡುಗ ಒಂಬತ್ತನ್ನು ಅರ್ಕಾವತ್ತು ಮಾಡುವುದೂ, ಒತ್ತನ್ನು ಬಿಚ್ಚುವುದೂ ಆಜ್ಞೆಯಿಲ್ಲದ ಲಿಪಿ ಸುಧಾರಣೆಯೇ ಎಂದು ನನ್ನ ಅನುಮಾನ.

ಮುಕ್ತ ಎಂಬ ಮಾತಿನ ಬಗ್ಗೆ ಎರಡು ಮಾತು. ಕಾಸು ಕೊಡದೆ ಸಿಗುವುದೆಲ್ಲ ಮುಕ್ತವಲ್ಲ. ಯಾರೋ ಕದ್ದು ಹಂಚಿದ ಫಾಂಟೂ ಬಿಟ್ಟಿಯೇ. ನಾಲ್ಕು ಜನ ಸೇರಿ ಸಾರ್ವಜನಿಕರಿಗಾಗಿ ಹಾಕುವ ಫಲಕದಲ್ಲಿ ಕದ್ದ ಅಕ್ಷರ ಬರೆಯುವುದು ನನಗೆ ಒಗ್ಗಲಿಲ್ಲ. ಎಸ್‌ಐಎಲ್ ಸಂಸ್ಥೆಯವರು ರೂಪಿಸಿದ, 2007ರಲ್ಲಿ ಈಗಿನ ರೂಪಕ್ಕೆ ಬಂದ ಮುಕ್ತ ಫಾಂಟ್ ಪರವಾನಗಿಯಂತೆ ಅಕ್ಷರವನ್ನು ಯಾರಾದರೂ ಬಳಸಬಹುದು, ನಕಲು ಮಾಡಿ ಹಂಚಬಹುದು, ತಿದ್ದಬಹುದು; ಫಾಂಟೊಂದನ್ನೇ ಬಿಡಿಯಾಗಿ ಮಾರಕೂಡದು, ತಿದ್ದಿದರೆ ಕರ್ತೃ ಕಾಯ್ದಿರಿಸಿದ ಹೆಸರನ್ನು ಹಾಕಿಕೊಳ್ಳಕೂಡದು. ಊರ ಬಾವಿಯ ಕಟ್ಟಳೆ ಇದ್ದಂತೆ ಇದೆ. ಹೊಳಲ್ಕೆರೆಯ ಅಂಗಡಿಗೂ ಹೊಸದುರ್ಗದ ಶಾಲೆಗೂ ಒಂದೇ ಫಾಂಟನ್ನು ಅಂಜಿಕೆಯಿಲ್ಲದೆ ಕಳಿಸಬಹುದು ಎನ್ನುವುದೇ ಇದರ ದೊಡ್ಡ ಗುಣ. ಎಲ್ಲ ಯಂತ್ರಗಳಲ್ಲಿಯೂ ಒಂದೇ ಮುಖ ಬರಬೇಕಾದರೆ ಎಲ್ಲ ಕಡೆಯೂ ಅದೇ ಫಾಂಟು ಇರಬೇಕಷ್ಟೆ.

ಪರೀಕ್ಷೆಗೆ ಇಟ್ಟದ್ದು ನಮ್ಮ ನಾಲ್ಕೇ ಹೆಸರು. ಲಿನಕ್ಸಿನವರಿಗೆ ಬಹುಕಾಲದಿಂದ ಪರಿಚಿತವಾದ ‘ಲೋಹಿತ್ ಕನ್ನಡ’, ಗೂಗಲ್ಲಿನ ‘ನೋಟೊ’, ಅರವಿಂದ ಅವರ ‘ನವಿಲು’, ಮುಂಬಯಿಯ ಏಕ್ ಟೈಪ್ ಬಳಗದ ‘ಅನೇಕ್ ಕನ್ನಡ’ ಇವುಗಳಲ್ಲಿ ಬರೆದು, ಸ್ನೇಹಿತರ ವಿಂಡೋಸ್, ಲಿನಕ್ಸ್, ಆಪಲ್ ಯಂತ್ರಗಳಲ್ಲಿಯೂ ಮಗಳ ಫೋನಿನಲ್ಲಿಯೂ ತೆರೆದು ನೋಡಿದೆ. ಹೊಸ ಯಂತ್ರಗಳಲ್ಲಿ ಎಲ್ಲವೂ ಅಕ್ಷರವನ್ನು ಸರಿಯಾಗಿಯೇ ಜೋಡಿಸಿದವು. ಆಮೇಲೆ ಕಾಗದದ ಮೇಲೆ ಅಚ್ಚು ಮಾಡಿಸಿ ಗೋಡೆಗೆ ಅಂಟಿಸಿ, ಕನ್ನಡಕ ತೆಗೆದು ಹಿಂದೆ ಹಿಂದೆ ನಡೆದೆ. ಪುಸ್ತಕದಲ್ಲಿ ಚೆಲುವಾಗಿ ಕಾಣುವ, ಗೆರೆ ಒಂದೆಡೆ ತೆಳ್ಳಗೆ ಒಂದೆಡೆ ದಪ್ಪ ಇರುವ ಅಕ್ಷರಗಳು ಹತ್ತು ಹೆಜ್ಜೆಗೇ ಒಡೆದವು. ತೀರ ದಪ್ಪನೆಯ ರೂಪಗಳಲ್ಲಿ ಒತ್ತಿನ ಹೊಟ್ಟೆ ಮುಚ್ಚಿಹೋಗಿ ‘ತ್ರ’ ಒಂದು ಮಸಿಯ ಬೊಟ್ಟಾಯಿತು. ನಡುಮಧ್ಯದ ದಪ್ಪದ, ಏಕಗೆರೆಯ ಅಕ್ಷರಗಳು ಕೊನೆಯವರೆಗೆ ನಿಂತವು. 2022ರಲ್ಲಿ ಬಂದ ‘ಅನೇಕ್’ ಭಾರತದ ಒಂಬತ್ತು ಲಿಪಿಗಳಿಗೂ ರೋಮನ್ನಿಗೂ ಒಂದೇ ಮನೆತನದ ಚಹರೆ ಕೊಟ್ಟಿದೆ. ಅಕ್ಷರದ ದಪ್ಪವನ್ನೂ ಅಗಲವನ್ನೂ ಬೇಕಾದಷ್ಟು ಏರಿಸಿ ಇಳಿಸಬಹುದು. ಉದ್ದನೆಯ ಹೆಸರನ್ನು ಎತ್ತರ ಕುಗ್ಗಿಸದೆ ಹಲಗೆಯಲ್ಲಿ ಹಿಡಿಸಲು ಅದರಿಂದ ಅನುಕೂಲ. ಕೊನೆಗೆ ನಾನು ಹಿಡಿದದ್ದು ಅದನ್ನೇ. ನೋಟೊವನ್ನು ಹಿಡಿದಿದ್ದರೂ ತಪ್ಪಾಗುತ್ತಿರಲಿಲ್ಲ.

ಇಷ್ಟಾದರೂ ಕೊನೆಯ ಗಂಡಾಂತರ ಕಾದಿತ್ತು. ರಾತ್ರಿ ಮಿನುಗುವ ಹಾಳೆಗೆ ನಮ್ಮ ಕಡೆ ರೇಡಿಯಂ ಎನ್ನುತ್ತಾರೆ. ಅದನ್ನು ಕತ್ತರಿಸುವ ಅಂಗಡಿಗೆ ರೇಡಿಯಂ ಕಟಿಂಗ್ ಅಂಗಡಿ ಎನ್ನುತ್ತಾರೆ. ಬೇರೊಂದು ಅಂಥ ಅಂಗಡಿಗೆ ಹೋದೆ. ‘ಫಾಂಟಿನ ತಲೆನೋವು ಬೇಡ ಸಾರ್, ಅಕ್ಷರಾನ ಕರ್ವ್ ಮಾಡಿ ಕಳಿಸಿಬಿಡಿ’ ಎಂದರು ಅಂಗಡಿಯವರು. ಕರ್ವ್ ಮಾಡುವುದೆಂದರೆ ಅಕ್ಷರವನ್ನು ಬರಿಯ ಗೆರೆಗಳ ಚಿತ್ರವಾಗಿಸುವುದು. ಆಮೇಲೆ ಅದು ಯಾವ ಯಂತ್ರದಲ್ಲಿಯೂ ಕೆಡದು. ಕಾಗುಣಿತದ ತಪ್ಪಿದ್ದರೆ ಯಾರೂ ತಿದ್ದಲಾರರು ಕೂಡ. ಹಾಗೆಯೇ ಮಾಡಿ ಕಳಿಸಿದೆ. ಮರುದಿನ ಹೋದರೆ ಯಂತ್ರದ ಚೂರಿ ‘ಹೊ’ ಎಂಬುದನ್ನು ಮೂರು ತುಂಡು ಮಾಡಿತ್ತು. ದಪ್ಪ ಅಗಲಗಳನ್ನು ಬದಲಿಸಬಹುದಾದ ಇಂಥ ಫಾಂಟುಗಳಲ್ಲಿ ಅಕ್ಷರದ ಭಾಗಗಳು ಒಂದರ ಮೇಲೊಂದು ಹಾಯ್ದಿರುವುದುಂಟು. ಪರದೆಯ ಮೇಲೆ ಅದು ಕಾಣುವುದಿಲ್ಲ. ಚೂರಿಗೆ ಮಾತ್ರ ಎಲ್ಲ ಗೆರೆಯೂ ಗೆರೆಯೇ. ಅಂಗಡಿಯವರಿಗೆ ಮದ್ದು ಗೊತ್ತಿತ್ತು: ಎಲ್ಲ ತುಂಡುಗಳನ್ನೂ ಹಿಡಿದು ವೆಲ್ಡ್ ಎಂಬ ಗುಂಡಿ ಒತ್ತಿದರು. ಕಮ್ಮಾರನ ಮಾತು ಕಂಪ್ಯೂಟರಿಗೆ ಬಂದಿದೆ. ‘ಹೊ’ ಕೂಡಿಕೊಂಡಿತು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗದ ಫಲಕಗಳು ಈಗ ನಿಂತಿವೆ. ಹೊಸದುರ್ಗದ್ದನ್ನು ನೆಟ್ಟ ದಿನ, ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ಹತ್ತಿರ ಬಂದು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ದುರ್ಗದ ಹತ್ತಿರ ಬಂದಾಗ ತಡವರಿಸಲಿಲ್ಲ. ಅಂತರ ಎರಡಂಕಿಯಲ್ಲಿಯೇ ಇದೆ. ಹೊಳಲ್ಕೆರೆಯದು ಮಾತ್ರ ಇನ್ನೂ ನನ್ನ ಮನೆಯ ಪಡಸಾಲೆಯಲ್ಲಿದೆ. ಲಕಾರದ ಕೆಳಗೆ ಒತ್ತು ಕೊಡುವುದು ಸರಿಯೋ, ‘ಹೊಳಲ್‌ಕೆರೆ’ ಎಂದು ಬಿಡಿಸಿ ಬರೆಯುವುದೇ ಸುಲಭವೋ ಎಂದು ಆ ಊರಿನ ಇಬ್ಬರು ಮೇಷ್ಟರುಗಳಲ್ಲಿ ಭಿನ್ನಾಭಿಪ್ರಾಯ ಹುಟ್ಟಿದೆ. ಇಬ್ಬರೂ ನನಗೆ ಬೇಕಾದವರು. ಮುಂದಿನ ವಾರ ಇಬ್ಬರನ್ನೂ ಕೂರಿಸಿಕೊಂಡು, ಎರಡು ಬಗೆಯಲ್ಲಿಯೂ ಬರೆದು ಗೋಡೆಗೆ ಅಂಟಿಸಿ, ಕನ್ನಡಕ ತೆಗೆಸಿ ಹಿಂದೆ ಹಿಂದೆ ನಡೆಸಬೇಕೆಂದಿದ್ದೇನೆ.